ಪ್ಲೇಟ್ ಒಂದು ಹೇಳುತ್ತೆ, ಪಿಸಿಆರ್ ಇನ್ನೊಂದು ಹೇಳುತ್ತೆ: ರೆಸಿಸ್ಟೆನ್ಸ್ ರಿಪೋರ್ಟ್ ತಾಳೆಯಾಗದಾಗ ಎಲ್ಲಿ ಹುಡುಕಬೇಕು

ಐಸಿಯುನಿಂದ ಬಂದ ರಕ್ತದ ಕಲ್ಚರ್. ಬೆಳೆದದ್ದು ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಅನ್ನುವ ಬ್ಯಾಕ್ಟೀರಿಯಾ. ಪ್ಲೇಟ್ ಮೇಲೆ ಎರ್ಟಾಪೆನೆಮ್ ಅನ್ನುವ ಆಂಟಿಬಯೋಟಿಕ್ ಡಿಸ್ಕ್ ಸುತ್ತ 13 ಮಿ.ಮೀ. ಝೋನ್ (ಬ್ಯಾಕ್ಟೀರಿಯಾ ಬೆಳೆಯದ ಜಾಗ), ಅಂದರೆ ರೆಸಿಸ್ಟೆಂಟ್, ಔಷಧಕ್ಕೆ ಬಗ್ಗದ್ದು. ಅದೇ ಕಾರ್ಬಪೆನೆಮ್ ಗುಂಪಿನ ಮೆರೊಪೆನೆಮ್ ಸುತ್ತ 21, ಅಂದರೆ ಇಂಟರ್‌ಮೀಡಿಯೆಟ್, ನಡುವಿನದು. ಜೀನ್ ಹುಡುಕುವ ಪಿಸಿಆರ್‌ನಲ್ಲಿ, ಕಾರ್ಬಪೆನೆಮ್ ಒಡೆಯುವ ಕಿಣ್ವಗಳ (ಕಾರ್ಬಪೆನಮೇಸ್) ಜೀನ್‌ಗಳಾದ ಎನ್‌ಡಿಎಂ, ಕೆಪಿಸಿ, ಆಕ್ಸಾ-48, ವಿಐಎಂ, ಐಎಂಪಿ ಐದೂ ನೆಗೆಟಿವ್. ವಾರ್ಡಿನಿಂದ ಡಾಕ್ಟರ್ ಫೋನ್ ಮಾಡಿ, "ಮೇಡಂ, ಯಾವ ಜೀನ್ ಇದೆ ಹೇಳಿ, ಔಷಧಿ ಬದಲಾಯಿಸಬೇಕು" ಅಂತ ಕಾಯುತ್ತಿದ್ದರು.

ಅವರ ಆತುರಕ್ಕೆ ಕಾರಣ ಇದೆ. ಆಕ್ಸಾ-48 ಅಥವಾ ಕೆಪಿಸಿ ಇದ್ದರೆ ಸೆಫ್ಟಾಜಿಡೈಮ್-ಅವಿಬ್ಯಾಕ್ಟಮ್ (ಆಂಟಿಬಯೋಟಿಕ್ ಜೊತೆ ಕಿಣ್ವ ತಡೆಯುವ ಔಷಧ) ಕೆಲಸ ಮಾಡುವ ಸಾಧ್ಯತೆ ಹೆಚ್ಚು. ಎನ್‌ಡಿಎಂ ಇದ್ದರೆ ಅದೊಂದೇ ಸಾಲದು. ಎನ್‌ಡಿಎಂ ಸತುವಿನ ಬಲದಿಂದ ಕೆಲಸ ಮಾಡುವ ಕಿಣ್ವ, ಅವಿಬ್ಯಾಕ್ಟಮ್ ಅದನ್ನು ತಡೆಯಲಾರದು. ಆಗ ಜೊತೆಗೆ ಅಜ್ಟ್ರಿಯೋನಾಮ್ ಸೇರಿಸುತ್ತಾರೆ. ನಾವು ಜೀನ್ ತಪ್ಪು ಹೇಳಿದರೆ ಹಾಸಿಗೆಯಲ್ಲಿರುವ ಮನುಷ್ಯನಿಗೆ ತಪ್ಪು ಔಷಧಿ ಹೋಗುತ್ತದೆ.

ಇಂಥ ಹೊತ್ತಿನಲ್ಲಿ ಎರಡರಲ್ಲಿ ಒಂದು ಟೆಸ್ಟ್ ಸುಳ್ಳು ಅಂತ ತೀರ್ಮಾನಿಸಿ ಬಿಡೋದು ಸುಲಭ. ಅಲ್ಲೇ ನಾವು ಎಡವುವುದು. ಪ್ಲೇಟ್ ಕೇಳುವ ಪ್ರಶ್ನೆ: ಈ ಔಷಧದ ಎದುರು ಈ ಬ್ಯಾಕ್ಟೀರಿಯಾ ಬೆಳೆಯುತ್ತಾ? ಪಿಸಿಆರ್ ಕೇಳುವ ಪ್ರಶ್ನೆ: ಈ ಎರಡು ಪ್ರೈಮರ್ (ಜೀನಿಗೆ ಹೊಂದುವ ಪುಟ್ಟ ಡಿಎನ್‌ಎ ಎಳೆ) ಕೂರುವ ಡಿಎನ್‌ಎ ತುಂಡು ಇಲ್ಲಿದೆಯಾ? ಪ್ರಶ್ನೆಗಳೇ ಬೇರೆ. ಹಾಗಾಗಿ ಎರಡು ಉತ್ತರವೂ ನಿಜ ಇರಬಹುದು. ತಾಳೆಯಾಗದಿದ್ದರೆ ಅದನ್ನು ಒಂದು ಸುಳಿವು ಅಂತ ಹಿಡಿದು ಮುಂದೆ ಹೋಗಬೇಕು. ಆ ಕ್ಲೆಬ್ಸಿಯೆಲ್ಲಾವನ್ನೇ ಜೊತೆಗಿಟ್ಟುಕೊಂಡು ಹೋಗೋಣ.

ಮೊದಲು: ಪ್ಲೇಟ್‌ನಲ್ಲಿರುವುದು ಒಂದೇ ಬ್ಯಾಕ್ಟೀರಿಯಾನಾ?

ನನ್ನ ಅನುಭವದಲ್ಲಿ ತಾಳೆಯಾಗದ ರಿಪೋರ್ಟ್‌ಗಳಲ್ಲಿ ಜಾಸ್ತಿ ಪಾಲು ಇಲ್ಲೇ ಬಗೆಹರಿಯುತ್ತವೆ. ಡಿಸ್ಕ್ ಟೆಸ್ಟಿಗೆ ನಾಲ್ಕೈದು ಕಾಲೊನಿ ಮುಟ್ಟುತ್ತೀರಿ. ಪಿಸಿಆರ್‌ಗೆ ಒಂದೇ ಕಾಲೊನಿ ತೆಗೆಯುತ್ತೀರಿ. ಆ ಒಂದು ಕಾಲೊನಿ ಬೇರೆಯದೇ ಆಗಿದ್ದರೆ?

ಮೆಕಾಂಕಿ ಪ್ಲೇಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕ್ಲೆಬ್ಸಿಯೆಲ್ಲಾದ ಗುಲಾಬಿ ಕಾಲೊನಿಗಳು ಉಬ್ಬಿಕೊಂಡು, ಲೋಳೆಯಾಗಿ, ಒಂದಕ್ಕೊಂದು ಅಂಟಿಕೊಂಡು ಹರಡಿರುತ್ತವೆ. ಆ ಲೋಳೆಯ ಅಂಚಿನಲ್ಲಿ ಬಣ್ಣವೇ ಇಲ್ಲದ, ಚಪ್ಪಟೆಯಾದ ಪುಟ್ಟ ಕಾಲೊನಿ ಅಡಗಿ ಕೂತಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದು ಅಸಿನೆಟೊಬ್ಯಾಕ್ಟರೋ ಸ್ಯೂಡೊಮೊನಾಸೋ ಆಗಿರಬಹುದು. ಮೇಲಿನಿಂದ ನೇರವಾಗಿ ನೋಡಿದರೆ ಕಾಣಿಸೋದೇ ಇಲ್ಲ.

ಡಿಸ್ಕ್ ಟೆಸ್ಟ್ ಹಾಕಿದ ಅದೇ ಸಸ್ಪೆನ್ಷನ್‌ನಿಂದ (ಬ್ಯಾಕ್ಟೀರಿಯಾ ಕದಡಿದ ದ್ರವದಿಂದ) ಒಂದು ಲೂಪ್ ತೆಗೆದು ಬ್ಲಡ್ ಅಗಾರ್ ಮೇಲೆ ಗೀಚಿಡಿ. ಮರುದಿನ ಎರಡು ಬಗೆ ಕಾಲೊನಿ ಕಂಡರೆ ಹಿಂದಿನ ಎರಡೂ ಫಲಿತಾಂಶ ಪಕ್ಕಕ್ಕಿಡಿ. ಬೇರ್ಪಡಿಸಿ, ಒಂದೊಂದಕ್ಕೂ ಹೊಸದಾಗಿ ಎರಡೂ ಟೆಸ್ಟ್ ಮಾಡಿ. ಝೋನ್ ಒಳಗೆ ಅಲ್ಲಲ್ಲಿ ಚುಕ್ಕಿಯಂಥ ಕಾಲೊನಿ ಇದ್ದರೆ ಅವನ್ನೂ ಬೇರೆಯಾಗಿ ಎತ್ತಿಕೊಳ್ಳಿ. ಅದು ಬೆರಕೆಯೂ ಇರಬಹುದು, ಅದೇ ತಳಿಯೊಳಗಿನ ರೆಸಿಸ್ಟೆಂಟ್ ಗುಂಪೂ ಇರಬಹುದು. ನಮ್ಮ ಪ್ಲೇಟ್ ಶುದ್ಧವಾಗಿತ್ತು.

ಪ್ಲೇಟ್ ಕಡೆಯ ತಪ್ಪುಗಳು

ಇವು ಎಲ್ಲರಿಗೂ ಗೊತ್ತಿರುವಂಥವೇ. ಆದರೂ ಒಮ್ಮೆ ನೋಡಿಬಿಡಿ. ಮುಲ್ಲರ್-ಹಿಂಟನ್ ಅಗಾರ್ 4 ಮಿ.ಮೀ. ದಪ್ಪ ಇರಬೇಕು. ತೆಳುವಾದರೆ ಝೋನ್ ದೊಡ್ಡದಾಗುತ್ತದೆ, ದಪ್ಪವಾದರೆ ಚಿಕ್ಕದಾಗುತ್ತದೆ. ಸಸ್ಪೆನ್ಷನ್‌ನ ಗಟ್ಟಿತನ 0.5 ಮ್ಯಾಕ್‌ಫಾರ್ಲೆಂಡ್ ಇರಬೇಕು, ಮಾಡಿದ 15 ನಿಮಿಷದೊಳಗೆ ಹರಡಬೇಕು. ಗಟ್ಟಿಯಾದರೆ ಸೆನ್ಸಿಟಿವ್ ತಳಿಯೂ ರೆಸಿಸ್ಟೆಂಟ್ ಥರ ಕಾಣುತ್ತದೆ. ಲೋಳೆ ಕ್ಲೆಬ್ಸಿಯೆಲ್ಲಾ ಸರಿಯಾಗಿ ಕರಗದೆ ಗಂಟುಗಂಟಾಗಿ ಉಳಿದು ಇಲ್ಲಿ ಮೋಸ ಮಾಡುತ್ತದೆ, ಚೆನ್ನಾಗಿ ಕಲಕಿ.

ಡಿಸ್ಕ್ ಡಬ್ಬಿಯನ್ನು ಫ್ರೀಜರ್‌ನಿಂದ ತೆಗೆದ ತಕ್ಷಣ ಮುಚ್ಚಳ ತೆರೆಯಬೇಡಿ. ರೂಮಿನ ಬಿಸಿಗೆ ಬರುವವರೆಗೆ ಕಾಯಿರಿ. ಇಲ್ಲದಿದ್ದರೆ ಒಳಗೆ ತೇವ ಕೂರುತ್ತದೆ, ಕಾರ್ಬಪೆನೆಮ್ ಡಿಸ್ಕ್‌ಗಳು ಬೇಗ ಶಕ್ತಿ ಕಳೆದುಕೊಳ್ಳುತ್ತವೆ. ಆಮೇಲೆ ಊರೆಲ್ಲ ರೆಸಿಸ್ಟೆಂಟ್ ಅಂತ ಬರಲು ಶುರುವಾಗುತ್ತದೆ. ಅದೇ ದಿನ ಹಾಕಿದ ಕಂಟ್ರೋಲ್ ತಳಿ ಈ. ಕೊಲೈ ಎಟಿಸಿಸಿ 25922ರ ಪ್ಲೇಟ್ ತೆಗೆದು ಮೆರೊಪೆನೆಮ್ ಝೋನ್ 28ರಿಂದ 35ರ ಒಳಗಿದೆಯಾ ನೋಡಿ. ಇದ್ದರೆ ಪ್ಲೇಟನ್ನು ನಂಬಿ ಮುಂದೆ ಹೋಗಿ.

ಪಿಸಿಆರ್ ಕಡೆಯ ತಪ್ಪುಗಳು

"ನೆಗೆಟಿವ್" ಅನ್ನುವ ಮಾತಿಗೆ ಎರಡು ಅರ್ಥ ಇರಬಹುದು. ಜೀನ್ ಇಲ್ಲ ಅಂತಲೂ ಇರಬಹುದು, ರಿಯಾಕ್ಷನ್ನೇ ನಡೆದಿಲ್ಲ ಅಂತಲೂ ಇರಬಹುದು. ಎರಡನ್ನೂ ಬೇರೆ ಮಾಡಿ ತೋರಿಸುವುದು 16ಎಸ್ ಕಂಟ್ರೋಲ್. ಪ್ರತಿ ಬ್ಯಾಕ್ಟೀರಿಯಾದಲ್ಲೂ ಇರುವ ಆ ಜೀನಿನ ಬ್ಯಾಂಡ್ (ಜೆಲ್ಲಿನಲ್ಲಿ ಕಾಣುವ ಡಿಎನ್‌ಎ ಗೆರೆ) ಕೂಡ ಬರದಿದ್ದರೆ ಉಳಿದ ಐದು ನೆಗೆಟಿವ್‌ಗಳಿಗೆ ಬೆಲೆಯೇ ಇಲ್ಲ.

ನಮ್ಮದರಲ್ಲಿ 16ಎಸ್ ಬ್ಯಾಂಡ್ ಬಂದಿತ್ತು, ಆದರೆ ತೀರಾ ಮಂಕಾಗಿತ್ತು. ಕುದಿಸಿ ತೆಗೆದ ಡಿಎನ್‌ಎಯಲ್ಲಿ ಕ್ಯಾಪ್ಸೂಲಿನ ಲೋಳೆ ಉಳಿದುಕೊಂಡು ಕಿಣ್ವಕ್ಕೆ ಅಡ್ಡಿ ಮಾಡುತ್ತದೆ. ಟ್ಯೂಬಿನ ಮೇಲಿನ ತಿಳಿಯನ್ನು ಪಿಪೆಟ್‌ನಲ್ಲಿ ಎಳೆದಾಗ ನೂಲಿನ ಹಾಗೆ ಎಳೆ ಬಂದರೆ ಲೋಳೆ ಇದೆ ಅಂತಲೇ ಲೆಕ್ಕ. ಹತ್ತು ಪಟ್ಟು ತೆಳು ಮಾಡಿ ಮತ್ತೆ ಹಾಕಿದೆವು. 16ಎಸ್ ಈ ಸಲ ಗಟ್ಟಿಯಾಗಿ ಬಂತು. ಐದು ಜೀನ್ ಆಗಲೂ ನೆಗೆಟಿವ್. ಈಗ ಆ ನೆಗೆಟಿವ್‌ಗೆ ಒಂದು ತೂಕ ಬಂತು.

ಜೆಲ್ ಓದುವಾಗಿನ ಒಂದು ವಿಷಯ ಹೇಳಿಬಿಡುತ್ತೇನೆ. ಬಹಳ ಲ್ಯಾಬ್‌ಗಳು ಬಳಸುವ 2011ರ ಮಲ್ಟಿಪ್ಲೆಕ್ಸ್ (ಒಂದೇ ಟ್ಯೂಬಿನಲ್ಲಿ ಹಲವು ಜೀನ್ ಹುಡುಕುವ) ಪ್ರೈಮರ್‌ಗಳಲ್ಲಿ ವಿಐಎಂ ಬ್ಯಾಂಡ್ 390 ಬೇಸ್, ಆಕ್ಸಾ-48 ಬ್ಯಾಂಡ್ 438 ಬೇಸ್. ಎನ್‌ಡಿಎಂ 621, ಕೆಪಿಸಿ 798. ಜೆಲ್ಲನ್ನು ಅವಸರದಲ್ಲಿ ಅರ್ಧ ಓಡಿಸಿ ನಿಲ್ಲಿಸಿದರೆ 390ಕ್ಕೂ 438ಕ್ಕೂ ವ್ಯತ್ಯಾಸ ಕಾಣೋದಿಲ್ಲ. ಆಕ್ಸಾ-48 ಅವಿಬ್ಯಾಕ್ಟಮ್‌ಗೆ ಬಗ್ಗುತ್ತದೆ, ವಿಐಎಂ ಬಗ್ಗುವುದಿಲ್ಲ. ಎರಡು ಪರ್ಸೆಂಟ್ ಅಗರೋಸ್ ಹಾಕಿ, ಪೂರ್ತಿ ಓಡಿಸಿ, ಪಕ್ಕದಲ್ಲಿ ಎರಡರ ಪಾಸಿಟಿವ್ ಕಂಟ್ರೋಲ್ ಇಡಿ.

ಇನ್ನು ಪ್ರೈಮರ್ ಕೂರದೇ ಇರುವ ಸಾಧ್ಯತೆ. 2008ರಲ್ಲಿ ಸ್ವೀಡನ್‌ನಲ್ಲಿದ್ದ ಭಾರತ ಮೂಲದ ರೋಗಿಯೊಬ್ಬರಲ್ಲಿ ಸಿಕ್ಕಿ, 2009ರಲ್ಲಿ ವರದಿಯಾದದ್ದು ಎನ್‌ಡಿಎಂ-1. ಈಗ ಹೆಚ್ಚು ಕಾಣುವ ಎನ್‌ಡಿಎಂ-5ಕ್ಕೂ ಅದಕ್ಕೂ ಎರಡೇ ಅಮೈನೊ ಆಮ್ಲಗಳ ವ್ಯತ್ಯಾಸ, ಹಾಗಾಗಿ ಒಂದೇ ಪ್ರೈಮರ್ ಎರಡನ್ನೂ ಹಿಡಿಯುತ್ತದೆ. ಐಎಂಪಿ ಹಾಗಲ್ಲ. ಅದರ ಬಗೆಗಳು ಒಂದಕ್ಕೊಂದು ತುಂಬಾ ದೂರ, ಒಂದು ಜೋಡಿ ಪ್ರೈಮರ್ ಎಲ್ಲವನ್ನೂ ಹಿಡಿಯಲಾರದು. ಆಕ್ಸಾ ಬಗ್ಗೆ ನಮ್ಮ ದೇಶದವರು ಇನ್ನೂ ಹುಷಾರಾಗಿರಬೇಕು. ಇಲ್ಲಿ ಓಡಾಡುವುದು ಬಹುಪಾಲು ಆಕ್ಸಾ-181 ಮತ್ತು ಆಕ್ಸಾ-232. ಹಳೆಯ ಕೆಲವು ಕಿಟ್‌ಗಳು ಆಕ್ಸಾ-48 ಹಿಡಿಯುತ್ತಿದ್ದವು, 181 ಬಿಟ್ಟುಬಿಡುತ್ತಿದ್ದವು. ಕಿಟ್ಟಿನ ಒಳಗಿನ ಕಾಗದ ಬಿಚ್ಚಿ, ಯಾವ ಯಾವ ಬಗೆ ಹಿಡಿಯುತ್ತದೆ ಅಂತ ಒಮ್ಮೆ ಓದಿ ಗುರುತು ಹಾಕಿಟ್ಟುಕೊಳ್ಳಿ.

ದಾರಿ ಕವಲೊಡೆಯುವ ಜಾಗ: ಎಂ-ಸಿಮ್

ಪ್ಲೇಟ್ ಸರಿ, ಪಿಸಿಆರ್ ಸರಿ, ಆದರೂ ತಾಳೆಯಿಲ್ಲ. ಈಗ ಕೇಳಬೇಕಾದ ಪ್ರಶ್ನೆ ಒಂದೇ. ಈ ಬ್ಯಾಕ್ಟೀರಿಯಾ ಕಾರ್ಬಪೆನೆಮ್ ಅನ್ನು ಒಡೆಯುತ್ತಿದೆಯೋ, ಅಥವಾ ಒಳಗೇ ಬಿಟ್ಟುಕೊಳ್ಳುತ್ತಿಲ್ಲವೋ?

ಇದನ್ನು ತೋರಿಸುವ ಟೆಸ್ಟ್ ಎಂ-ಸಿಮ್, ಅದಕ್ಕೆ ಸಾವಿರಾರು ರೂಪಾಯಿಯ ಕಿಟ್ ಬೇಡ. 2 ಮಿ.ಲೀ. ಟ್ರಿಪ್ಟಿಕ್ ಸೋಯ್ ಬ್ರಾತ್ ತಗೊಳ್ಳಿ. 1 ಮೈಕ್ರೊಲೀಟರ್ ಲೂಪ್ ತುಂಬ ರಾತ್ರಿಯಿಡೀ ಬೆಳೆದ ಕಲ್ಚರ್ ಕದಡಿ. 10 ಮೈಕ್ರೊಗ್ರಾಂ ಮೆರೊಪೆನೆಮ್ ಡಿಸ್ಕ್ ಅದರಲ್ಲಿ ಮುಳುಗಿಸಿ. 35 ಡಿಗ್ರಿಯಲ್ಲಿ ನಾಲ್ಕು ಗಂಟೆ ಇಡಿ. ಆಮೇಲೆ ಡಿಸ್ಕ್ ಅನ್ನು ಲೂಪಿನಿಂದ ಎತ್ತಿ, ಟ್ಯೂಬಿನ ಒಳಗೋಡೆಗೆ ಒತ್ತಿ ನೀರು ಹಿಂಡಿ, 25922 ಈ. ಕೊಲೈ ಹರಡಿದ ಪ್ಲೇಟ್ ಮೇಲೆ ಇಡಿ. ಬ್ಯಾಕ್ಟೀರಿಯಾ ಔಷಧವನ್ನು ತಿಂದುಹಾಕಿದ್ದರೆ ಡಿಸ್ಕ್‌ನಲ್ಲಿ ಏನೂ ಉಳಿದಿರುವುದಿಲ್ಲ, ಈ. ಕೊಲೈ ಅದರ ಅಂಚಿನವರೆಗೂ ಬೆಳೆದುಬಿಡುತ್ತದೆ. 6ರಿಂದ 15 ಮಿ.ಮೀ. ಬಂದರೆ ಪಾಸಿಟಿವ್. 19 ಅಥವಾ ಜಾಸ್ತಿ ಬಂದರೆ ನೆಗೆಟಿವ್. ನಡುವೆ 16ರಿಂದ 18 ಬಂದು ಒಳಗೆ ಚುಕ್ಕಿ ಕಾಲೊನಿ ಇದ್ದರೆ ಅದೂ ಪಾಸಿಟಿವ್. ಕೆಪಿಸಿ ಇರುವ ಎಟಿಸಿಸಿ ಬಿಎಎ-1705 ತಳಿ ಕಂಟ್ರೋಲ್ ಆಗಿ ಪಕ್ಕದಲ್ಲಿರಲಿ. ಇನ್ನೊಂದು ಟ್ಯೂಬಿನಲ್ಲಿ ಇಡಿಟಿಎ ಸೇರಿಸಿ ಜೊತೆಗೇ ಮಾಡಿದರೆ ಇ-ಸಿಮ್. ಇಡಿಟಿಎ ಸತುವನ್ನು ಕಿತ್ತುಕೊಳ್ಳುತ್ತದೆ. ಝೋನ್ 5 ಮಿ.ಮೀ. ಅಥವಾ ಹೆಚ್ಚು ಹಿಗ್ಗಿದರೆ ಎನ್‌ಡಿಎಂ ಜಾತಿಯ ಕಿಣ್ವ.

ಎಂ-ಸಿಮ್ ಪಾಸಿಟಿವ್, ಪಿಸಿಆರ್ ನೆಗೆಟಿವ್ ಬಂದರೆ ಒಡೆಯುವ ಕಿಣ್ವ ಇದೆ, ನಿಮ್ಮ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಪ್ರೈಮರ್ ಬದಲಿಸಿ, ಆಗದಿದ್ದರೆ ಪೂರ್ತಿ ಜೀನೋಮ್ ಸೀಕ್ವೆನ್ಸಿಂಗ್‌ಗೆ ಕಳಿಸಿ. ದುರ್ಬಲ ಆಕ್ಸಾ-48 ಬಗೆಯವು ಕೆಲವೊಮ್ಮೆ ಎಂ-ಸಿಮ್‌ನಲ್ಲೂ ತಪ್ಪಿಸಿಕೊಳ್ಳುತ್ತವೆ ಅನ್ನುವುದೂ ನೆನಪಿರಲಿ.

ನಮ್ಮ ಕ್ಲೆಬ್ಸಿಯೆಲ್ಲಾ ಮರುದಿನ ಬೆಳಿಗ್ಗೆ 24 ಮಿ.ಮೀ. ತೋರಿಸಿತು. ನೆಗೆಟಿವ್. ಪಕ್ಕದ ಕಂಟ್ರೋಲ್ 6.

ಮುಚ್ಚಿದ ಕಿಂಡಿ

ಅಂದರೆ ಪಿಸಿಆರ್ ಹೇಳಿದ್ದು ಸರಿ, ಪ್ಲೇಟ್ ಹೇಳಿದ್ದೂ ಸರಿ.

ಕ್ಲೆಬ್ಸಿಯೆಲ್ಲಾದ ಹೊರಪೊರೆಯಲ್ಲಿ ಪೋರಿನ್ ಅನ್ನುವ ಕಿಂಡಿಗಳಿವೆ. ಮುಖ್ಯವಾದವು ಎರಡು, ಒಂಪ್‌ಕೆ35 ಮತ್ತು ಒಂಪ್‌ಕೆ36. ಬೀಟಾ-ಲ್ಯಾಕ್ಟಮ್ ಔಷಧಗಳು (ಪೆನಿಸಿಲಿನ್, ಕಾರ್ಬಪೆನೆಮ್ ಥರದವು) ಒಳಗೆ ಹೋಗುವುದು ಬಹುಮಟ್ಟಿಗೆ ಇವುಗಳ ಮೂಲಕ. ಇವು ಹಾಳಾದರೆ ಔಷಧ ಹನಿಹನಿಯಾಗಿ ಮಾತ್ರ ಒಳಗೆ ಬರುತ್ತದೆ. ಒಳಗೆ ಸಿಟಿಎಕ್ಸ್-ಎಂ-15 ಥರದ ಇಎಸ್‌ಬಿಎಲ್ ಕಿಣ್ವ (ಪೆನಿಸಿಲಿನ್, ಸೆಫಲೋಸ್ಪೊರಿನ್ ಒಡೆಯುವಂಥದ್ದು) ಕಾದು ಕೂತಿರುತ್ತದೆ. ಕಾರ್ಬಪೆನೆಮ್ ಒಡೆಯುವ ತಾಕತ್ತು ಅದಕ್ಕೆ ತೀರಾ ಕಡಿಮೆ. ಆದರೆ ಹನಿಹನಿಯಾಗಿ ಬರುವುದನ್ನು ನಿಭಾಯಿಸಲು ಅಷ್ಟು ಸಾಕು. ಎಂ-ಸಿಮ್‌ನಲ್ಲಿ ಡಿಸ್ಕ್‌ನ ತುಂಬ ಔಷಧ ಇರುತ್ತದೆ, ಅದನ್ನು ಖಾಲಿ ಮಾಡಲು ಈ ಕಿಣ್ವಕ್ಕೆ ಆಗುವುದಿಲ್ಲ. ಅದಕ್ಕೇ ನೆಗೆಟಿವ್.

ಮೊದಲ ದಿನದ ಪ್ಲೇಟ್‌ನಲ್ಲೇ ಇದರ ಸುಳಿವಿತ್ತು. ಎರ್ಟಾಪೆನೆಮ್ 13, ಮೆರೊಪೆನೆಮ್ 21. ಎರ್ಟಾಪೆನೆಮ್ ಅಣು ದೊಡ್ಡದು, ನೆಗೆಟಿವ್ ಚಾರ್ಜ್ ಇರುವಂಥದ್ದು. ಕಿಂಡಿ ಕಿರಿದಾದಾಗ ಮೊದಲು ಸಿಕ್ಕಿಕೊಳ್ಳುವುದು ಅದೇ. ಎನ್‌ಡಿಎಂ ಇದ್ದಿದ್ದರೆ ಸಾಮಾನ್ಯವಾಗಿ ಎರಡೂ ಒಟ್ಟಿಗೆ ಕುಸಿಯುತ್ತಿದ್ದವು. ಆಕ್ಸಾ-48 ಬಗೆಯವೂ ಹೀಗೇ ಕಾಣಬಹುದು, ಹಾಗಾಗಿ ಬರೀ ಇದನ್ನೇ ನಂಬಿ ತೀರ್ಮಾನ ಮಾಡಬಾರದು. ಆದರೂ ಎರಡು ಝೋನ್‌ಗಳ ನಡುವೆ ಇಷ್ಟು ಅಂತರ ಕಂಡಾಗ ಪೋರಿನ್ ನೆನಪಾಗಬೇಕು.

ಸಿಟಿಎಕ್ಸ್-ಎಂ ಪಿಸಿಆರ್ ಪಾಸಿಟಿವ್ ಬಂತು. ಒಂಪ್‌ಕೆ36 ಜೀನನ್ನು ಈ ತುದಿಯಿಂದ ಆ ತುದಿಗೆ ಪೂರ್ತಿ ಎತ್ತುವ ಪ್ರೈಮರ್ ಹಾಕಿದೆವು. ಆ ಜೆಲ್ಲಿನ ಚಿತ್ರ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಂಟ್ರೋಲ್ ತಳಿಯ ಬ್ಯಾಂಡ್ ಎಂದಿನಂತೆ 1100ರ ಹತ್ತಿರ. ರೋಗಿಯ ತಳಿಯ ಬ್ಯಾಂಡ್ ಅದಕ್ಕಿಂತ ಎಷ್ಟೋ ಮೇಲೆ, 1900ರ ಹತ್ತಿರ ನಿಂತಿತ್ತು. ಜೊತೆಗಿದ್ದ ಹುಡುಗಿ, "ಮೇಡಂ, ಬೇರೆ ಏನೋ ಎತ್ತಿಕೊಂಡಿದೆ, ತಪ್ಪು ಬ್ಯಾಂಡ್ ಇರಬೇಕು" ಅಂದಳು. ತಪ್ಪು ಬ್ಯಾಂಡ್ ಆಗಿರಲಿಲ್ಲ. ಜೀನಿನ ನಡುವೆ ಸುಮಾರು 800 ಬೇಸಿನ ತುಂಡೊಂದು ಬಂದು ಸೇರಿಕೊಂಡಿತ್ತು. ಸೀಕ್ವೆನ್ಸಿಂಗ್‌ನಲ್ಲಿ ಅದು ಐಎಸ್1 ಅಂತ ಗೊತ್ತಾಯಿತು. 768 ಬೇಸ್ ಉದ್ದದ, ಡಿಎನ್‌ಎಯಲ್ಲಿ ಜಾಗದಿಂದ ಜಾಗಕ್ಕೆ ನೆಗೆಯುವ ತುಣುಕು. ಅದು ನೆಗೆದು ಕೂತ ಕಡೆ ಜೀನ್ ಎರಡು ಹೋಳಾಗಿತ್ತು, ಕಿಂಡಿ ತಯಾರಾಗುವುದೇ ನಿಂತಿತ್ತು.

ಇದನ್ನು ಇಷ್ಟು ಉದ್ದ ಹೇಳಲು ಕಾರಣ ಇದೆ. ರೆಸಿಸ್ಟೆನ್ಸ್ ಜೀನ್ ಅಂದ ಕೂಡಲೇ ಹೊರಗಿನಿಂದ ಬಂದು ಸೇರಿದ ಜೀನನ್ನೇ ಹುಡುಕುತ್ತೇವೆ. ಇಲ್ಲಿ ಆಗಿದ್ದದ್ದು ಇದ್ದ ಜೀನ್ ಹಾಳಾಗಿದ್ದು. ಇದೆಯೋ ಇಲ್ಲವೋ ಅಂತ ಮಾತ್ರ ನೋಡುವ ಪಿಸಿಆರ್‌ಗೆ ಅದು ಕಾಣುವುದೇ ಇಲ್ಲ. ಕ್ಲೆಬ್ಸಿಯೆಲ್ಲಾದ ಕೊಲಿಸ್ಟಿನ್ ರೆಸಿಸ್ಟೆನ್ಸ್ ಕೂಡ ಇಂಥದ್ದೇ. 2015ರಲ್ಲಿ ಚೀನಾದಿಂದ ಕೊಲಿಸ್ಟಿನ್‌ಗೆ ಬಗ್ಗದ ಹಾಗೆ ಮಾಡುವ ಎಂಸಿಆರ್-1 ಜೀನಿನ ಸುದ್ದಿ ಬಂದ ಮೇಲೆ ಎಲ್ಲರೂ ಅದನ್ನೇ ಹುಡುಕುತ್ತಾರೆ. ಆದರೆ ರೋಗಿಗಳ ಕ್ಲೆಬ್ಸಿಯೆಲ್ಲಾದಲ್ಲಿ ಹೆಚ್ಚಾಗಿ ಹಾಳಾಗಿರುವುದು ಎಂಜಿಆರ್‌ಬಿ, ಬರೀ 47 ಅಮೈನೊ ಆಮ್ಲದ ಒಂದು ಪುಟ್ಟ ಬ್ರೇಕು. ಬ್ರೇಕ್ ಹೋದರೆ ಪೊರೆಯ ಚಾರ್ಜ್ ಬದಲಾಗುತ್ತದೆ, ಕೊಲಿಸ್ಟಿನ್ ಅಂಟುವುದಿಲ್ಲ. ಎಂಸಿಆರ್ ನೆಗೆಟಿವ್ ಅಂದ ಮಾತ್ರಕ್ಕೆ ಕೊಲಿಸ್ಟಿನ್ ಕೆಲಸ ಮಾಡುತ್ತದೆ ಅಂತ ಯಾರಿಗೂ ಹೇಳಬೇಡಿ. ಕೊಲಿಸ್ಟಿನ್ ಡಿಸ್ಕ್ ಝೋನ್ ಅಂತೂ ಓದಲೇಬೇಡಿ, ಆ ಅಣು ಅಗಾರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ. ಔಷಧವನ್ನು ದ್ರವದಲ್ಲಿ ಹಂತಹಂತವಾಗಿ ತೆಳು ಮಾಡಿ ನೋಡುವ ಬ್ರಾತ್ ಮೈಕ್ರೊಡೈಲ್ಯೂಷನ್ ಮಾಡಿ.

ಸಿಪ್ರೊಫ್ಲಾಕ್ಸಸಿನ್ ಕೂಡ ಬಹುಪಾಲು ಇದೇ ಲೆಕ್ಕ: ಜೈರ್‌ಎ, ಪಾರ್‌ಸಿ ಜೀನ್‌ಗಳಲ್ಲಿ ಒಂದೆರಡು ಅಕ್ಷರ ಬದಲಾಗಿರುತ್ತವೆ ಅಷ್ಟೇ.

ಉಲ್ಟಾ ಕೇಸು: ಜೀನ್ ಇದೆ, ಪ್ಲೇಟ್ ಸೆನ್ಸಿಟಿವ್

ಮೊದಲು ನೀರು ಮಾತ್ರ ಹಾಕಿದ ಟ್ಯೂಬ್ ನೋಡಿ. ಅದರಲ್ಲೂ ಬ್ಯಾಂಡ್ ಇದ್ದರೆ ಹಳೆಯ ಪಿಸಿಆರ್ ಉತ್ಪನ್ನ ಗಾಳಿಯಲ್ಲಿ, ಪಿಪೆಟ್‌ನಲ್ಲಿ ಸೇರಿಕೊಂಡಿದೆ. ಜೆಲ್ ಓಡಿಸುವ ಟೇಬಲ್ ಮೇಲೆ ಮಾಸ್ಟರ್ ಮಿಕ್ಸ್ ಮಾಡುತ್ತಿದ್ದರೆ ಇದು ಆಗಿಯೇ ಆಗುತ್ತದೆ.

ಅದು ಸರಿಯಿದ್ದರೆ, ಆ ಜೀನ್ ಆ ಬ್ಯಾಕ್ಟೀರಿಯಾಕ್ಕೆ ಹುಟ್ಟಿನಿಂದಲೇ ಬಂದದ್ದಾ ಕೇಳಿ. ಎಸ್‌ಎಚ್‌ವಿ ಜೀನ್ ಹೆಚ್ಚುಕಡಿಮೆ ಪ್ರತಿ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆಯ ಕ್ರೋಮೋಸೋಮಿನಲ್ಲೂ ಇದೆ. ಎಸ್‌ಎಚ್‌ವಿ ಪಾಸಿಟಿವ್ ಅಂತ ನೋಡಿ ಇಎಸ್‌ಬಿಎಲ್ ಅಂತ ಬರೆದರೆ ತಪ್ಪು. ಆಕ್ಸಾ-51 ಹಾಗೆಯೇ ಅಸಿನೆಟೊಬ್ಯಾಕ್ಟರ್ ಬೌಮಾನಿಯ ಮನೆಯ ಜೀನ್. ಅದು ಸುಮ್ನೆ ಮಲಗಿರುತ್ತದೆ. ಅದರ ಮುಂದೆ ಐಎಸ್‌ಎಬಿಎ1 ಅನ್ನುವ ತುಣುಕು ಬಂದು ಕೂತರೆ ಗಟ್ಟಿಯಾದ ಪ್ರೊಮೋಟರ್ (ಜೀನ್ ಓಡಿಸುವ ಸ್ವಿಚ್) ಸಿಕ್ಕಿದ ಹಾಗೆ, ಆಗ ಕಿಣ್ವ ಜೋರಾಗಿ ತಯಾರಾಗುತ್ತದೆ. ಹಾಗಾಗಿ ಒಂದು ಪ್ರೈಮರ್ ಐಎಸ್‌ಎಬಿಎ1ರಲ್ಲಿ, ಇನ್ನೊಂದು ಆಕ್ಸಾ-51ರಲ್ಲಿ ಕೂರುವ ಹಾಗೆ ಹಾಕಿ. ಬ್ಯಾಂಡ್ ಬಂದರೆ ಮಾತ್ರ ಆ ಜೀನಿನ ಮೇಲೆ ಅನುಮಾನ ಪಡಬಹುದು.

ಜೀನ್ ಕರೆದಾಗ ಮಾತ್ರ ಏಳುವುದೂ ಉಂಟು. ಸ್ಟ್ಯಾಫಿಲೊಕಾಕಸ್ ಆರಿಯಸ್‌ನ ಇಆರ್‌ಎಂ ಜೀನ್ ಇದಕ್ಕೆ ಒಳ್ಳೆ ಉದಾಹರಣೆ. ಅದರ ಸಂದೇಶವಾಹಕ ಆರ್‌ಎನ್‌ಎ ತನ್ನ ಮೇಲೇ ಮಡಚಿಕೊಂಡು, ಪ್ರೋಟೀನ್ ಶುರುವಾಗುವ ಜಾಗವನ್ನು ಬಚ್ಚಿಟ್ಟಿರುತ್ತದೆ. ಎರಿಥ್ರೊಮೈಸಿನ್ ಬಂದು ರೈಬೋಸೋಮನ್ನು ಮುಂದಿನ ಪುಟ್ಟ ತುಂಡಿನ ಮೇಲೆ ತಡೆದು ನಿಲ್ಲಿಸಿದರೆ ಮಡಿಕೆ ಬಿಚ್ಚಿಕೊಳ್ಳುತ್ತದೆ, ಕಿಣ್ವ ತಯಾರಾಗುತ್ತದೆ, ಕ್ಲಿಂಡಾಮೈಸಿನ್‌ಗೂ ರೆಸಿಸ್ಟೆಂಟ್ ಆಗುತ್ತದೆ. ಕ್ಲಿಂಡಾಮೈಸಿನ್ ಡಿಸ್ಕ್ ಒಂದನ್ನೇ ಇಟ್ಟರೆ ಸುಂದರವಾದ ದುಂಡು ಝೋನ್. ಎರಿಥ್ರೊಮೈಸಿನ್ ಡಿಸ್ಕ್ ಅನ್ನು 15ರಿಂದ 26 ಮಿ.ಮೀ. ದೂರದಲ್ಲಿಟ್ಟರೆ ಆ ಕಡೆಯ ಅಂಚು ಚಪ್ಪಟೆಯಾಗಿ ಇಂಗ್ಲಿಷಿನ ಡಿ ಅಕ್ಷರವಾಗುತ್ತದೆ. ಡಿ ಕಂಡರೆ ಕ್ಲಿಂಡಾಮೈಸಿನ್ ರೆಸಿಸ್ಟೆಂಟ್ ಅಂತಲೇ ಬರೆಯಿರಿ. ಅದೇ ಆರಿಯಸ್‌ನಲ್ಲಿ ಮೆಥಿಸಿಲಿನ್ ರೆಸಿಸ್ಟೆನ್ಸ್ ಜೀನ್ ಮೆಕ್‌ಎ ಪಾಸಿಟಿವ್ ಇದ್ದು ಆಕ್ಸಾಸಿಲಿನ್ ಸೆನ್ಸಿಟಿವ್ ಬಂದರೂ ಹಾಗೇ: ಎಂಆರ್‌ಎಸ್‌ಎ (ಮೆಥಿಸಿಲಿನ್ ರೆಸಿಸ್ಟೆಂಟ್ ಆರಿಯಸ್) ಅಂತಲೇ ರಿಪೋರ್ಟ್ ಹೋಗಬೇಕು.

ಟಿಬಿ ಲ್ಯಾಬಿನವರಿಗೆ ಒಂದು ಮಾತು. ಆರ್‌ಪಿಒಬಿ ಜೀನಿನ 433ನೇ ಕೋಡಾನಿನಲ್ಲಿ ಅಕ್ಷರ ಬದಲಾದರೂ ಅಮೈನೊ ಆಮ್ಲ ಬದಲಾಗದ ಮ್ಯುಟೇಷನ್ ಒಂದಿದೆ. ಟೆಸ್ಟಿನ ಪ್ರೋಬ್ (ಆ ಜಾಗ ಗುರುತಿಸುವ ಡಿಎನ್‌ಎ ಎಳೆ) ಅಲ್ಲಿ ಕೂರುವುದಿಲ್ಲ, ಮಷಿನ್ ರಿಫಾಂಪಿಸಿನ್ ರೆಸಿಸ್ಟೆಂಟ್ ಅಂತ ಕೊಡುತ್ತದೆ. ನಿಜವಾಗಿ ಔಷಧ ಕೆಲಸ ಮಾಡುತ್ತಿರುತ್ತದೆ. ಕಲ್ಚರ್‌ನಲ್ಲಿ ಸೆನ್ಸಿಟಿವ್ ಬಂದರೆ ಸೀಕ್ವೆನ್ಸಿಂಗ್ ಮಾಡಿಸದೆ ಯಾವ ಕಡೆಗೂ ವಾಲಬೇಡಿ, ಅದು ರೋಗಿಯ ತಿಂಗಳುಗಟ್ಟಲೆ ಔಷಧಿಯ ವಿಷಯ.

ನಿನ್ನೆ ಇದ್ದದ್ದು ಇವತ್ತಿಲ್ಲ

ಮೊದಲ ದಿನ ಎನ್‌ಡಿಎಂ ಪಾಸಿಟಿವ್, ನಾಲ್ಕನೇ ಸಬ್‌ಕಲ್ಚರ್‌ನಲ್ಲಿ ನೆಗೆಟಿವ್. ಎನ್‌ಡಿಎಂ ಇರುವುದು ಸಾಮಾನ್ಯವಾಗಿ ಪ್ಲಾಸ್ಮಿಡ್ ಮೇಲೆ, ಅಂದರೆ ಕ್ರೋಮೋಸೋಮಿನಿಂದ ಬೇರೆಯಾಗಿರುವ ಪುಟ್ಟ ಡಿಎನ್‌ಎ ಉಂಗುರದ ಮೇಲೆ. ಆಂಟಿಬಯೋಟಿಕ್ ಇಲ್ಲದ ಪ್ಲೇಟ್‌ನಿಂದ ಪ್ಲೇಟ್‌ಗೆ ದಾಟಿಸುತ್ತಾ ಹೋದರೆ ಕೆಲವು ತಳಿಗಳು ಆ ಹೊರೆಯನ್ನು ಇಳಿಸಿಬಿಡುತ್ತವೆ. ಸಬ್‌ಕಲ್ಚರ್ ಮಾಡುವಾಗ ಮೊದಲ ಗೀರಿನ ಮೇಲೆ ಒಂದು ಮೆರೊಪೆನೆಮ್ ಡಿಸ್ಕ್ ಇಟ್ಟು, ಅದರ ಹತ್ತಿರ ಬೆಳೆದದ್ದನ್ನು ಎತ್ತಿಕೊಳ್ಳಿ. ಅದಕ್ಕಿಂತ ಮುಖ್ಯ, ಮೊದಲ ದಿನವೇ ಗ್ಲಿಸರಾಲ್‌ನಲ್ಲಿ ಎರಡು ವಯಲ್ ಮಾಡಿ ಮೈನಸ್ 80ರಲ್ಲಿಡಿ. ತಾಳೆಯಾಗದ ತಳಿಯ ಮೂಲ ಪ್ಲೇಟನ್ನು ಬಗೆಹರಿಯುವ ತನಕ ಆಟೊಕ್ಲೇವ್‌ಗೆ ಹಾಕಬೇಡಿ.

ರಿಪೋರ್ಟಿನಲ್ಲಿ ಏನು ಬರೆಯಬೇಕು

ಬರೀ "ಪಿಸಿಆರ್ ನೆಗೆಟಿವ್" ಅಂತ ಬರೆದು ಕಳಿಸಿದರೆ ವಾರ್ಡಿನಲ್ಲಿ ಅದನ್ನು "ಮೆರೊಪೆನೆಮ್ ಕೊಡಬಹುದು" ಅಂತ ಓದಿಬಿಡುವ ಅಪಾಯ ಇದೆ. ಎರಡನೇ ದಿನ ಸಂಜೆ, ಸೀಕ್ವೆನ್ಸಿಂಗ್ ಬರುವ ಮುಂಚೆಯೇ, ನಾವು ಹೀಗೆ ಬರೆದೆವು: ಎರ್ಟಾಪೆನೆಮ್ ರೆಸಿಸ್ಟೆಂಟ್, ಮೆರೊಪೆನೆಮ್ ಇಂಟರ್‌ಮೀಡಿಯೆಟ್. ಪರೀಕ್ಷಿಸಿದ ಐದು ಕಾರ್ಬಪೆನಮೇಸ್ ಜೀನ್‌ಗಳು ಕಂಡುಬಂದಿಲ್ಲ, ಎಂ-ಸಿಮ್ ನೆಗೆಟಿವ್. ಜೀನ್ ಕಾಣದಿದ್ದರೂ ಮೇಲಿನ ರೆಸಿಸ್ಟೆನ್ಸ್ ಫಲಿತಾಂಶ ಹಾಗೆಯೇ ಅನ್ವಯಿಸುತ್ತದೆ. ಇಎಸ್‌ಬಿಎಲ್ ಜೊತೆ ಪೋರಿನ್ ದೋಷ ಇರುವ ಸಾಧ್ಯತೆ ಇದೆ. ಸೆಫ್ಟಾಜಿಡೈಮ್-ಅವಿಬ್ಯಾಕ್ಟಮ್ ಝೋನ್ 24 ಮಿ.ಮೀ., ಸೆನ್ಸಿಟಿವ್.

ಬರೆದು ಕಳಿಸಿ ಸುಮ್ಮನಾಗದೆ ಫೋನ್ ಕೂಡ ಮಾಡಿದೆ. ಡಾಕ್ಟರ್ ಪೂರ್ತಿ ಕೇಳಿಸಿಕೊಂಡು, "ಅಂದ್ರೆ ಎನ್‌ಡಿಎಂ ಇಲ್ಲ, ಅವಿಬ್ಯಾಕ್ಟಮ್ ಒಂದೇ ಸಾಕು, ಅಲ್ವಾ ಮೇಡಂ?" ಅಂತ ಮತ್ತೊಮ್ಮೆ ಕೇಳಿದರು. ಟೆಸ್ಟ್‌ಗಳ ಪ್ರಕಾರ ಹೌದು, ಮೂರು ದಿನ ಬಿಟ್ಟು ಇನ್ನೊಂದು ಬ್ಲಡ್ ಕಲ್ಚರ್ ಕಳಿಸಿ ಅಂದೆ. ಕಳಿಸಿದರು. ಅದರಲ್ಲಿ ಏನೂ ಬೆಳೆಯಲಿಲ್ಲ.